ಹೋಂನಲ್ಲಿರೋ ಅಜ್ಜ-ಅಜ್ಜಿಯಂದ್ರು ಬೀಳೋದು ತಪ್ಪಿಸ್ಲಿಕ್ಕೆ: ಮನೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಕೊಡಗಿನ ಗೋಣಿಕೊಪ್ಪ ಕಡೆ ಒಂದು ವೃದ್ಧಾಶ್ರಮದಲ್ಲಿ ನರ್ಸು. ಬೆಂಗ್ಳೂರಿಂದ, ದುಬೈಯಿಂದ ಫೋನ್ ಮಾಡೋ ಮಕ್ಕಳು, ಭಾನುವಾರ ಕಿತ್ತಳೆ ಹಣ್ಣು ಹಿಡ್ಕೊಂಡು ನೋಡ್ಲಿಕ್ಕೆ ಬರೋ ತಂಗಿ-ತಮ್ಮಂದ್ರು, ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗೀರು, ಎಲ್ಲರೂ ಸುತ್ತಿ ಬಳಸಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ. ಅವ್ರು ಕೇಳಿದ ಮಾತಲ್ಲೇ ಬರ್ದು ಉತ್ತರ ಹಾಕಿದ್ದೀನಿ.

## ಮೊದಮೊದಲು ಕೇಳೋದು

ವಯಸ್ಸಾದ್ಮೇಲೆ ಬೀಳೋದು ಇದ್ದಿದ್ದೇ ಅಲ್ವಾ ಸಿಸ್ಟರ್, ಇಷ್ಟೊಂದು ತಲೆ ಕೆಡಿಸ್ಕೊಳ್ಬೇಕಾ?

ಕೆಡಿಸ್ಕೊಳ್ಬೇಕು. ಬೀಳೋದು ವಯಸ್ಸಿನಿಂದ ಅಲ್ಲ, ವಯಸ್ಸಿನ ಜೊತೆ ಬರೋ ಬೇರೆ ಬೇರೆ ಕಾರಣಗಳಿಂದ, ಅದ್ರಲ್ಲಿ ಸುಮಾರು ಕಾರಣ ಸರಿ ಮಾಡ್ಲಿಕ್ಕೆ ಆಗುವಂಥದ್ದೇ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದೇ ಸಾಯ್ತಾರೆ, ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ರೆ ಮುಂದಿನದ್ದು ಇದೇ. 65 ದಾಟಿದವ್ರಲ್ಲಿ ನೂರಕ್ಕೆ ಸುಮಾರು 30 ಜನ ವರ್ಷದಲ್ಲಿ ಒಂದ್ಸಲನಾದ್ರೂ ಬೀಳ್ತಾರೆ, ಹೋಂನಲ್ಲಿ ಇರೋರದ್ದು ಇನ್ನೂ ಜಾಸ್ತಿ, ನೂರಕ್ಕೆ 30ರಿಂದ 50. ಸತ್ತವ್ರ ಲೆಕ್ಕ ಒಂದು ಕಡೆ ಇರ್ಲಿ, ಬದುಕಿ ಉಳಿದವ್ರಲ್ಲಿ ಸೊಂಟದ ಮೂಳೆ ಮುರ್ಕೊಂಡು ಮೊದಲಿನ ಹಾಗೆ ಓಡಾಡದೇ ಇರೋರು ಎಷ್ಟೋ ಜನ. ನಿನ್ನೆವರೆಗೆ ಅಂಗಳದಲ್ಲಿ ಓಡಾಡ್ತಿದ್ದ ಅಜ್ಜಿ ಇವತ್ತು ಮಂಚಕ್ಕೆ ಅಂಟಿಕೊಂಡ್ರೆ ನೋಡ್ಲಿಕ್ಕೆ ಆಗಲ್ಲ, ಅದಕ್ಕೇ ತಲೆ ಕೆಡಿಸ್ಕೊಳ್ಳೋದು.

ಮನೇಲಿದ್ದಾಗ ಅಮ್ಮ ಒಂದು ಸಲಾನೂ ಬಿದ್ದಿರ್ಲಿಲ್ಲ, ನಿಮ್ಮಲ್ಲಿ ಸೇರ್ಸಿ ಹದಿನೈದು ದಿನ ಆಗಿಲ್ಲ, ಬಿದ್ರು. ಯಾರೂ ನೋಡ್ಕೊಳ್ಳೋದಿಲ್ವಾ?

ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಕೇಳೋದು ನಿಮ್ಮ ಹಕ್ಕು ಕೂಡ. ಹೊಸ ಜಾಗಕ್ಕೆ ಬಂದ ಮೊದಲ ಕೆಲವು ವಾರ ತುಂಬ ಹುಷಾರಾಗಿರ್ಬೇಕಾದ ಸಮಯ. ಮನೇಲಿ ನಲವತ್ತು ವರ್ಷ ಮಂಚದಿಂದ ಎಡಗಡೆ ಇಳಿದು, ಗೋಡೆ ಹಿಡ್ಕೊಂಡು, ಕತ್ತಲಲ್ಲೂ ಬಚ್ಚಲಿಗೆ ಹೋಗಿ ಬರ್ತಿದ್ರು, ಕಾಲಿಗೇ ದಾರಿ ಗೊತ್ತಿತ್ತು. ಇಲ್ಲಿ ಮಂಚದ ಎಡಗಡೆ ಗೋಡೆ, ಬಾಗಿಲು ಇನ್ನೊಂದು ಕಡೆ. ನಿದ್ದೆಗಣ್ಣಲ್ಲಿ ಹಳೇ ದಾರೀನೇ ಹಿಡೀತಾರೆ. ಅದಕ್ಕೆ ಸೇರ್ಸೋ ದಿನವೇ ನಮಗೆ ಇಷ್ಟು ಹೇಳಿ: ಯಾವ ಕಡೆಯಿಂದ ಏಳ್ತಾರೆ, ರಾತ್ರಿ ಎಷ್ಟು ಸಲ ಎಷ್ಟು ಗಂಟೆಗೆ ಏಳ್ತಾರೆ, ಕನ್ನಡಕ ಎಲ್ಲಿಡ್ತಾರೆ, ಹಿಂದೆ ಬಿದ್ದಿದ್ರಾ. ಹಿಂದೆ ಬಿದ್ದಿದ್ದನ್ನ ಮುಚ್ಚಿಡ್ಬೇಡಿ, ಸೇರ್ಸ್ಕೊಳ್ಳಲ್ವೇನೋ ಅಂತ ಭಯಪಟ್ಟು ಸುಮಾರು ಜನ ಹೇಳೋದೇ ಇಲ್ಲ, ಆಮೇಲೆ ಅದೇ ತೊಂದ್ರೆ. ಒಂದ್ಸಲ ಬಿದ್ದವ್ರು ಮತ್ತೆ ಬೀಳೋ ಸಾಧ್ಯತೆ ಉಳಿದವ್ರಿಗಿಂತ ಜಾಸ್ತಿ, ಅದು ಗೊತ್ತಿದ್ರೆ ಮಂಚ ಯಾವ ಕಡೆಗೆ ಹಾಕ್ಬೇಕು ಅನ್ನೋದ್ರಿಂದಲೇ ಬದಲಾಯಿಸ್ಕೊಳ್ಬಹುದು.

ಟೈಲ್ಸ್ ನೆಲ ಅಲ್ವಾ, ಜಾರಿ ಬೀಳದೇ ಇನ್ನೇನು?

ನಾನೂ ಕೆಲಸಕ್ಕೆ ಸೇರಿದಾಗ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಕೆನಡಾದಲ್ಲಿ ಎರಡು ಕೇರ್ ಹೋಂಗಳಲ್ಲಿ 2007ರಿಂದ 2010ರವರೆಗೆ ಕ್ಯಾಮೆರಾ ಇಟ್ಟು 227 ಸಲ ಬಿದ್ದಿದ್ದನ್ನ ಒಂದೊಂದಾಗಿ ನೋಡಿದ್ರು, 2013ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಜಾರಿ ಬಿದ್ದಿದ್ದು ನೂರಕ್ಕೆ ಬರೀ 3! ನೂರಕ್ಕೆ 41 ಸಲ ಬಿದ್ದಿದ್ದು ಮೈಭಾರವನ್ನ ಸರಿಯಾಗಿ ಈ ಕಾಲಿಂದ ಆ ಕಾಲಿಗೆ ಹಾಕ್ಲಿಕ್ಕೆ ಆಗದೆ. ಎಡವಿ ಬಿದ್ದಿದ್ದು 21. ನಡೀತಾ ಇರುವಾಗ, ಸುಮ್ನೆ ನಿಂತಿರುವಾಗ, ಕುರ್ಚಿಗೆ ಕೂರುವಾಗ, ಇಂಥ ಸಾದಾ ಹೊತ್ತಲ್ಲೇ ಬಿದ್ದಿದ್ರು. ಕುರ್ಚಿಗೆ ಕೂರುವಾಗ ನೋಡಿ, ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗೋ ಮೊದಲೇ ಕೈ ಬಿಟ್ಟು ಧೊಪ್ ಅಂತ ಕೂತ್ಕೊಳ್ತಾರೆ. ಯಾರೋ ಹಿಂದಿಂದ ಕರೆದ್ರು ಅಂತ ಫಕ್ಕನೆ ತಿರುಗ್ತಾರೆ. ನಾವು ಹೊಸ ಹುಡುಗೀರಿಗೆ ಹೇಳೋ ಮೊದಲ ಪಾಠ ಇದೇ, ಅಜ್ಜನ ಜೊತೆ ಮಾತಾಡ್ಬೇಕಾದ್ರೆ ಮುಂದೆ ಹೋಗಿ ನಿಂತು ಮಾತಾಡಿ, ಹಿಂದಿಂದ ಕೂಗ್ಬೇಡಿ. ನೆಲ ಒಣಗಿರ್ಬೇಕು ಅನ್ನೋದು ಸರಿ, ಅಷ್ಟಕ್ಕೇ ಕೆಲಸ ಮುಗೀತು ಅಂದ್ಕೊಳ್ಬಾರದು.

ಮಳೆಗಾಲದಲ್ಲಿ ಎಂತ ಮಾಡ್ತೀರಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಗೊತ್ತಲ್ಲ, ಅಂಗಳದಲ್ಲಿ ಪಾಚಿ, ಗೋಡೆ ಬೆವರುತ್ತೆ, ಬಟ್ಟೆ ವಾರ ಆದ್ರೂ ಒಣಗಲ್ಲ. ಬಾಗಿಲ ಹತ್ರ ಒದ್ದೆ ಛತ್ರಿ ಇಡೋ ಜಾಗ ಬೇರೆ ಮಾಡಿದ್ದೀವಿ, ಮೆಟ್ಲಿನ ಪಾಚಿಯನ್ನ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸ್ತೀವಿ, ಗೋಣಿತಾಟು ಕಾಲೊರೆಸು ಹಾಕೋದು ನಿಲ್ಲಿಸಿದ್ದೀವಿ ಯಾಕೆಂದ್ರೆ ಅದರ ಅಂಚು ಮಡಚಿ ಕಾಲಿಗೆ ಸಿಕ್ಕುತ್ತೆ. ಇನ್ನೊಂದು ಚಳಿ. ಉಲ್ಲನ್ ಸಾಕ್ಸ್ ಹಾಕ್ಕೊಂಡು ನಡೆದ್ರೆ ರೆಡ್ ಆಕ್ಸೈಡ್ ನೆಲದ ಮೇಲೆ ಜಾರುಬಂಡಿನೇ. ಕಂಬಳಿ ಹೊದ್ಕೊಂಡೇ ಎದ್ದು ಹೊರಟ್ರೆ ಅದರ ತುದಿ ಕಾಲಡಿಗೆ. ಕರೆಂಟ್ ಅಂತೂ ಮಳೆಗಾಲದಲ್ಲಿ ದೇವರಿಗೇ ಪ್ರೀತಿ, ಅದಕ್ಕೆ ಮಂಚದಿಂದ ಟಾಯ್ಲೆಟ್‌ವರೆಗಿನ ಸಣ್ಣ ಲೈಟುಗಳು ಯುಪಿಎಸ್ ಲೈನಲ್ಲೇ ಇರ್ಬೇಕು. ಟಿವಿ ಯುಪಿಎಸ್‌ನಲ್ಲಿದ್ದು ಬಚ್ಚಲಿನ ದಾರಿ ಲೈಟು ಇಲ್ಲದೇ ಇರೋ ಕಡೆ ನಾನು ನೋಡಿದ್ದೀನಿ.

ಯಾವ ಚಪ್ಪಲಿ ತಂದುಕೊಡ್ಲಿ?

ಹವಾಯಿ ಚಪ್ಪಲಿ ಬೇಡ. ಹಿಮ್ಮಡಿ ಮುಚ್ಚಿರೋ, ಅಡಿ ತೆಳ್ಳಗಿದ್ದು ಹಿಡಿತ ಇರೋ, ವೆಲ್ಕ್ರೋ ಪಟ್ಟಿ ಇರೋದು. ಸಂಜೆ ಹೊತ್ತು ಕಾಲು ಊದಿರುತ್ತೆ, ಅಳತೆ ಆಗ ತಗೊಳ್ಳಿ. ಎರಡು ಜೊತೆ ತನ್ನಿ, ಒಂದು ಒದ್ದೆ ಆದ್ರೆ ಒಣಗ್ಲಿಕ್ಕೆ ದಿನಗಟ್ಲೆ ಬೇಕು.

## ದಿನನಿತ್ಯದ ವಿಷ್ಯ

ಕರೆಗಂಟೆ ಕೊಟ್ಟಿದ್ದೀರಲ್ಲ, ಆದ್ರೂ ಯಾಕೆ ಒಬ್ರೇ ಎದ್ದು ಹೋಗ್ತಾರೆ?

ಮೂತ್ರಕ್ಕೆ. ಬಹಳ ಸಲ ಇಷ್ಟೇ ಕಾರಣ. ಬೆಲ್ ಒತ್ತಿ ಕಾಯೋದು ಅಂದ್ರೆ ಅವ್ರಿಗೆ ಸಂಕೋಚ, ಪಾಪ ಹುಡುಗಿ ಮಲಗಿದ್ದಾಳೆ ಎಬ್ಬಿಸೋದು ಯಾಕೆ ಅಂತ, ಬಟ್ಟೆ ಒದ್ದೆ ಆಗಿಬಿಟ್ರೆ ಅಂತ ಮಾನದ ಪ್ರಶ್ನೆ ಬೇರೆ, ಜೀವನವೆಲ್ಲ ತೋಟ ಮನೆ ನೋಡ್ಕೊಂಡವ್ರು ಇದಕ್ಕೆಲ್ಲ ಇನ್ನೊಬ್ರನ್ನ ಕರೀಬೇಕಾ ಅಂತ ನೋವು. ಇದನ್ನ ಬೈದು ಸರಿ ಮಾಡ್ಲಿಕ್ಕೆ ಆಗಲ್ಲ. ಅವ್ರು ಕರೆಯೋ ಮೊದಲೇ ನಾವು ಹೋಗ್ಬೇಕು. ಒಂದು ವಾರ ಪಟ್ಟಿ ಬರೀತೀವಿ, ಯಾರು ಎಷ್ಟೊತ್ತಿಗೆ ಏಳ್ತಾರೆ ಅಂತ. ಒಬ್ಬ ಅಜ್ಜಿ ದಿನಾ ಎರಡೂವರೆಗೆ ಏಳ್ತಾರೆ ಅಂತ ಗೊತ್ತಾದ್ರೆ ಎರಡೂಕಾಲಿಗೆ ನಮ್ಮ ಹುಡುಗಿ ಮಂಚದ ಹತ್ರ ಇರ್ಬೇಕು, ಅಷ್ಟೇ. ಸಂಜೆ ಆರರ ಮೇಲೆ ಕಾಫಿ ಟೀ ಕಡಿಮೆ ಮಾಡ್ತೀವಿ, ಆದ್ರೆ ಇಡೀ ದಿನ ನೀರೇ ಕೊಡದೆ ಇರೋದು ತಪ್ಪು, ನೀರು ಕಡಿಮೆ ಆದ್ರೆ ಬಿಪಿ ಇಳಿದು ತಲೆ ಸುತ್ತಿ ಅದಕ್ಕೇ ಬೀಳ್ತಾರೆ. ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ ರಾತ್ರಿ ಕೊಡ್ತಿದ್ರೆ ಬೆಳಿಗ್ಗೆಗೆ ಬದಲಾಯಿಸ್ಬಹುದಾ ಅಂತ ಡಾಕ್ಟ್ರನ್ನ ಕೇಳಿ. ಇದ್ದಕ್ಕಿದ್ದ ಹಾಗೆ ಮೂತ್ರಕ್ಕೆ ಹೋಗೋದು ಜಾಸ್ತಿ ಆದ್ರೆ ಸೋಂಕು ಇದೆಯಾ ಅಂತ ನೋಡ್ಲೇಬೇಕು.

ಎದ್ದ ತಕ್ಷಣ ಅಪ್ಪಂಗೆ ಕಣ್ಣು ಕತ್ತಲೆ ಬರುತ್ತಂತೆ, ಬಿಪಿ ಚೆಕ್ ಮಾಡಿದ್ರೆ ನಾರ್ಮಲ್ ಅಂತಾರೆ?

ಕೂತಾಗ ನೋಡಿದ್ರೆ ನಾರ್ಮಲ್ಲೇ ಬರುತ್ತೆ. ಐದು ನಿಮಿಷ ಮಲಗ್ಸಿ ಒಂದ್ಸಲ ನೋಡ್ಬೇಕು, ಆಮೇಲೆ ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡ್ಬೇಕು. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದ್ದು 10 ಇಳಿದ್ರೆ ಅದೇ ತೊಂದ್ರೆ. ಡಾಕ್ಟ್ರಿಗೆ ತೋರ್ಸಿ. ಅಲ್ಲಿವರೆಗೆ ಎದ್ದು ಮಂಚದ ಅಂಚಲ್ಲಿ ಕೂತು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಆಮೇಲೆ ನಿಲ್ಲೋ ಅಭ್ಯಾಸ ಮಾಡಿಸಿ. ಬಿಸಿ ಬಿಸಿ ಹಂಡೆ ನೀರಲ್ಲಿ ತುಂಬ ಹೊತ್ತು ಸ್ನಾನ ಮಾಡಿ ಫಕ್ಕನೆ ಎದ್ರೂ ಬಿಪಿ ಇಳಿಯುತ್ತೆ, ಅದಕ್ಕೆ ಸ್ನಾನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿಯೇ, ಆ ಕುರ್ಚಿಯ ಕಾಲಿಗೆ ರಬ್ಬರ್ ಇರ್ಬೇಕು.

ಮಾತ್ರೆಗೂ ಬೀಳೋದಕ್ಕೂ ಏನು ಸಂಬಂಧ?

ತುಂಬ ಇದೆ. ನಿದ್ದೆ ಮಾತ್ರೆಗಳು, ಅಂದ್ರೆ ಅಲ್ಪ್ರಜೊಲಾಮ್, ಕ್ಲೋನಜೆಪಾಮ್, ಜೋಲ್ಪಿಡೆಮ್ ಇಂಥವು, ಖಿನ್ನತೆಗೆ ನರನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ಗಲಾಟೆ ಮಾಡ್ತಾರೆ ಅಂತ ಕೊಡೋ ಮಾನಸಿಕ ರೋಗದ ಮಾತ್ರೆಗಳು, ಪ್ರಾಸ್ಟೇಟ್‌ಗೆ ಕೊಡೋ ಟ್ಯಾಮ್ಸುಲೋಸಿನ್, ಎರಡು ಮೂರು ಥರದ ಬಿಪಿ ಮಾತ್ರೆ, ಊಟ ಸರಿಯಾಗಿ ಮಾಡದೇ ಇರೋರಿಗೆ ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ, ನೆಗಡಿಗೆ ಅಂತ ಮೆಡಿಕಲ್ ಶಾಪಲ್ಲಿ ತಗೊಂಡು ಬರೋ ಮಂಪರು ಬರೋ ಮಾತ್ರೆ, ಎಲ್ಲವೂ ಬೀಳಿಸುತ್ತೆ. ಮೈಸೂರಿನ ಡಾಕ್ಟ್ರು ಒಂದು, ಮಂಗ್ಳೂರಿನವ್ರು ಒಂದು, ಇಲ್ಲಿನವ್ರು ಒಂದು ಬರ್ದಿರ್ತಾರೆ, ಯಾರೂ ಒಟ್ಟಿಗೆ ನೋಡಿರಲ್ಲ. ಆರು ತಿಂಗಳಿಗೆ ಒಂದ್ಸಲ, ಮತ್ತೆ ಯಾವಾಗ ಬಿದ್ರೂ ಆಗೊಮ್ಮೆ, ಎಲ್ಲ ಮಾತ್ರೆ ಚೀಲ ಸಮೇತ ಒಬ್ಬ ಡಾಕ್ಟ್ರ ಮುಂದೆ ಸುರಿದು ಯಾವುದು ಇನ್ನೂ ಬೇಕು ಅಂತ ಕೇಳಿ. ನೀವಾಗೇ ನಿಲ್ಲಿಸ್ಬೇಡಿ ಮಾತ್ರ, ನಿದ್ದೆ ಮಾತ್ರೆ ಫಕ್ಕನೆ ನಿಲ್ಲಿಸಿದ್ರೆ ಫಿಟ್ಸ್ ಬರೋದೂ ಉಂಟು, ನಿಧಾನಕ್ಕೆ ಇಳಿಸ್ಬೇಕು.

ಅಪ್ಪ ಮಿಲಿಟ್ರಿಯಲ್ಲಿದ್ದವ್ರು, ರಾತ್ರಿ ಒಂದು ಪೆಗ್ ಅಭ್ಯಾಸ. ಬಿಡಿಸ್ಬೇಕಾ?

ನಮ್ಮ ಜಿಲ್ಲೇಲಿ ಇದು ಮನೆಮನೆಯ ಪ್ರಶ್ನೆ. ನಿದ್ದೆ ಮಾತ್ರೆ ತಗೊಳ್ತಿದ್ರೆ ಪೆಗ್ ಬೇಡವೇ ಬೇಡ, ಎರಡೂ ಸೇರಿದ್ರೆ ಉಸಿರಿಗೂ ಅಪಾಯ. ಇಲ್ಲದಿದ್ರೆ ಡಾಕ್ಟ್ರನ್ನ ಕೇಳಿ ತೀರ್ಮಾನ ಮಾಡಿ, ದಿನಾ ಕುಡಿಯೋರಿಗೆ ಒಂದೇ ದಿನದಲ್ಲಿ ಬಿಡಿಸೋದೂ ಅಪಾಯವೇ. ನನ್ನ ಅನುಭವದಲ್ಲಿ ಕದ್ದು ತಂದು ಕೊಡೋದು ಎಲ್ಲಕ್ಕಿಂತ ಕೆಟ್ಟದ್ದು. ನಮಗೆ ಗೊತ್ತಿದ್ರೆ ಆ ರಾತ್ರಿ ಅವ್ರ ಕಡೆ ಜಾಸ್ತಿ ಗಮನ ಇಡ್ತೀವಿ.

ವಾಕರ್ ತಂದುಕೊಟ್ರೂ ಮುಟ್ಟೋದೇ ಇಲ್ಲ

ಮೊದಲು ಎತ್ತರ ನೋಡಿ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರ್ಬೇಕು. ಅಂಗಡಿಯಿಂದ ತಂದ ಹಾಗೇ ಕೊಟ್ರೆ ಎತ್ತರ ಜಾಸ್ತಿಯಾಗಿ ಭುಜ ನೋಯುತ್ತೆ, ಅದಕ್ಕೇ ಮೂಲೆಗೆ ಹೋಗುತ್ತೆ. ಕೋಲಿನ ತುದಿಯ ರಬ್ಬರ್ ಸವೆದಿದ್ರೆ ಬದಲಾಯಿಸಿ, ಕಡಿಮೆ ಖರ್ಚಿನ ವಸ್ತು. ಕೋಲು ಹಿಡಿಯೋದು ನೋವಿರೋ ಕಾಲಿನ ಎದುರು ಕೈಯಲ್ಲಿ. ಇನ್ನೊಬ್ರ ಹಳೇ ವಾಕರ್ ತಂದು ಕೊಡೋರು ದಯವಿಟ್ಟು ಒಬ್ಬ ಫಿಸಿಯೋಥೆರಪಿಸ್ಟ್ ಹತ್ರ ಒಂದ್ಸಲ ಅಳತೆ ಮಾಡಿಸಿ. ಇನ್ನೊಂದು, ಮಲಗೋವಾಗ ವಾಕರನ್ನ ದಾರಿಗೆ ಅಡ್ಡ ಅಂತ ನಮ್ಮವರೇ ದೂರ ಇಡ್ತಾರೆ, ಕೈಗೆ ಸಿಗದ ವಾಕರ್ ಇದ್ದೂ ಇಲ್ಲದ ಹಾಗೆ.

ಹಾಲು ಮೊಟ್ಟೆ ಕೊಟ್ರೆ ಬೀಳೋದು ಕಡಿಮೆ ಆಗುತ್ತಾ? ವಿಟಮಿನ್ ಡಿ ಸ್ಯಾಶೆ ತಂದುಕೊಡ್ಲಾ?

ಆಗುತ್ತೆ, ಮೂಳೆ ಮುರಿಯೋದಂತೂ ಚೆನ್ನಾಗೇ ಕಡಿಮೆ ಆಗುತ್ತೆ. ಆಸ್ಟ್ರೇಲಿಯಾದಲ್ಲಿ 60 ಹೋಂಗಳ 7195 ಜನರ ಮೇಲೆ ಎರಡು ವರ್ಷ ನೋಡಿದ್ರು, 2021ರಲ್ಲಿ ಬಂತು. ಅರ್ಧದಷ್ಟು ಹೋಂಗಳಲ್ಲಿ ಹಾಲು, ಮೊಸರು, ಚೀಸ್ ಜಾಸ್ತಿ ಕೊಟ್ರು, ಉಳಿದ ಕಡೆ ಮಾಮೂಲು ಊಟ. ಜಾಸ್ತಿ ಕೊಟ್ಟ ಕಡೆ ಮೂಳೆ ಮುರಿತ ನೂರಕ್ಕೆ 33, ಸೊಂಟದ ಮುರಿತ 46, ಬೀಳೋದು 11 ಕಡಿಮೆ. ನಮ್ಮಲ್ಲಿ ಹಲ್ಲಿಲ್ಲ ಅಂತ ಬರೀ ಗಂಜಿ, ಸಾರನ್ನ ಕೊಟ್ಟು ಮುಗಿಸ್ತಾರೆ, ಅದ್ರಲ್ಲಿ ಪ್ರೋಟೀನ್ ಎಲ್ಲಿದೆ? ಮಧ್ಯಾಹ್ನ ಗಟ್ಟಿ ಮೊಸರು, ಸಂಜೆ ಹಾಲು ಹಾಕಿದ ರಾಗಿ ಮಾಲ್ಟ್, ಮೊಟ್ಟೆ ತಿನ್ನೋರಿಗೆ ಮೊಟ್ಟೆ, ನೂಪುಟ್ಟು (ಅಕ್ಕಿ ಶಾವಿಗೆ) ಜೊತೆ ಮೆತ್ತಗೆ ಬೇಯಿಸಿದ ಕೋಳಿ, ಕಿಡ್ನಿ ತೊಂದ್ರೆ ಇರೋರಿಗೆ ಮಾತ್ರ ಡಾಕ್ಟ್ರು ಹೇಳಿದ ಅಳತೆ.

ವಿಟಮಿನ್ ಡಿ ಹೋಂಗಳಲ್ಲಿ ಬಿಸಿಲು ಕಾಣದೆ ಕೂತಿರೋರಿಗೆ ಕೊಟ್ರೆ ಬೀಳೋದು ಕಡಿಮೆ ಆಗಿದೆ. ಆದ್ರೆ ಜಾಸ್ತಿ ಕೊಟ್ರೆ ಜಾಸ್ತಿ ಒಳ್ಳೇದು ಅಂದ್ಕೊಳ್ಬೇಡಿ. ವರ್ಷಕ್ಕೆ ಒಂದೇ ಸಲ 5 ಲಕ್ಷ ಯೂನಿಟ್ ಕೊಟ್ಟ ಒಂದು ಪ್ರಯೋಗದಲ್ಲಿ, 2010ರದ್ದು, ಬೀಳೋದು ಮೂಳೆ ಮುರಿಯೋದು ಎರಡೂ ಏರಿತ್ತು. 60 ಸಾವಿರ ಯೂನಿಟ್ ಇರೋ ಸ್ಯಾಶೆ ನೀವೊಬ್ರು ನಿಮ್ಮ ಅಕ್ಕ ಒಬ್ರು ತಂದು ಕೊಟ್ಟು ಎರಡೆರಡು ಆಗೋದು ಬೇಡ, ನಮ್ಮ ಪಟ್ಟೀಲಿ ಬರೆಸಿಯೇ ಕೊಡಿ.

ಎಂಬತ್ತೈದಕ್ಕೆ ವ್ಯಾಯಾಮ ಮಾಡಿಸ್ತೀರಾ? ಅದ್ರಿಂದಲೇ ಬಿದ್ರೆ?

ಮಾಡಿಸ್ತೀವಿ, ಹಿಡ್ಕೊಳ್ಳಿಕ್ಕೆ ಗಟ್ಟಿ ಬೆಂಚು ಮುಂದಿಟ್ಟು. ಕುರ್ಚಿಯಿಂದ ಕೈ ಊರದೆ ಏಳೋದು ಕೂರೋದು, ಹಿಮ್ಮಡಿ ಎತ್ತೋದು, ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದಕ್ಕೆ ಬದಲಾಯಿಸೋದು. ಬಿದ್ದುಬಿಡ್ತಾರೆ ಅಂತ ಕೂರಿಸಿಟ್ರೆ ತೊಡೆಯ ಶಕ್ತಿ ವಾರದೊಳಗೇ ಇಳಿಯುತ್ತೆ, ಆಮೇಲೆ ಖಂಡಿತ ಬೀಳ್ತಾರೆ. ಎಷ್ಟು ಶಕ್ತಿ ಇದೆ ಅಂತ ನೋಡ್ಲಿಕ್ಕೆ ಸುಲಭದ ಪರೀಕ್ಷೆ ಇದೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರ್ಬೇಕು, 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ತಗೊಂಡ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಮೊಬೈಲಲ್ಲಿ ಟೈಮ್ ನೋಡ್ಕೊಳ್ಳಿ, ಪಕ್ಕದಲ್ಲಿ ಒಬ್ರು ನಡೀರಿ.

ಪುತ್ತರಿ ಹಬ್ಬಕ್ಕೆ ಮನೆಗೆ ಕರ್ಕೊಂಡು ಹೋಗ್ಬಹುದಾ?

ಖಂಡಿತ ಕರ್ಕೊಂಡು ಹೋಗಿ, ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ಆದ್ರೆ ಐನ್‌ಮನೆ, ಅಂದ್ರೆ ಕುಟುಂಬದ ಹಿರೀಕರ ಮನೆ, ಅದರ ಮೆಟ್ಲು ಎತ್ತರ, ಕೈಯಾಲೆ (ಮುಂದಿನ ಜಗಲಿ) ದಾಟಿ ಒಳಗೆ ಹೋಗ್ಲಿಕ್ಕೆ ಹೊಸ್ತಿಲು ಬೇರೆ, ನೂರು ಜನ ಓಡಾಡ್ತಿರ್ತಾರೆ, ಮಕ್ಕಳು ಪಟಾಕಿ ಹೊಡೀತಿರ್ತಾರೆ. ಆ ದಿನ ಅಜ್ಜಿ ಯಾರ ಜವಾಬ್ದಾರಿ ಅಂತ ಒಬ್ರ ಹೆಸರು ಹೇಳಿ ನಿಗದಿ ಮಾಡಿ. ಎಲ್ಲರೂ ನೋಡ್ಕೊಳ್ತಾರೆ ಅಂದ್ರೆ ಯಾರೂ ನೋಡ್ಕೊಳ್ಳಲ್ಲ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ರಾತ್ರಿ ಮಂಚಕ್ಕೆ ಕಟ್ಟಿಬಿಡಿ ಸಿಸ್ಟರ್, ನಾವೇ ಸೈನ್ ಹಾಕಿ ಕೊಡ್ತೀವಿ

ಇಲ್ಲ, ಮಾಡಲ್ಲ. ಪ್ರೀತಿಯಿಂದಲೇ ಕೇಳ್ತೀರಿ ಗೊತ್ತು. ಆದ್ರೆ ಕಟ್ಟಿದ್ರೆ ಬೀಳೋದು ನಿಲ್ಲುತ್ತೆ ಅನ್ನೋದೇ ಸುಳ್ಳು. ಕಟ್ಟಿಸ್ಕೊಂಡವ್ರು ಬಿಡಿಸ್ಕೊಳ್ಳಿಕ್ಕೆ ಒದ್ದಾಡಿ ಇನ್ನೂ ಕೆಟ್ಟದಾಗಿ ಬೀಳ್ತಾರೆ, ಬೆನ್ನಲ್ಲಿ ಹುಣ್ಣಾಗುತ್ತೆ, ಕಾಲಿನ ಶಕ್ತಿ ಹೋಗುತ್ತೆ, ಕಟ್ಟಿದ ಬಟ್ಟೆ ಕುತ್ತಿಗೆಗೆ ಸಿಕ್ಕಿ ಸತ್ತವ್ರೂ ಪ್ರಪಂಚದಲ್ಲಿ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅವ್ರ ಮನಸ್ಸು ಮುರಿಯುತ್ತೆ. ಮಂಚದ ಎರಡೂ ಕಡೆ ಉದ್ದ ಕಂಬಿ ಹಾಕೋದೂ ಅಷ್ಟೇ, ಓಡಾಡುವವ್ರು ಅದನ್ನ ಹತ್ತಿ ದಾಟ್ತಾರೆ, ಮೂರಡಿಯಿಂದ ಬೀಳೋ ಬದ್ಲು ಐದಡಿಯಿಂದ ಬೀಳ್ತಾರೆ. ನಾವು ಮಾಡೋದು ಮಂಚದ ಎತ್ತರ ಇಳಿಸೋದು, ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು. ಸುಮ್ನೆ ಉರುಳಿ ಬೀಳೋರಿಗೆ ಇನ್ನೂ ತಗ್ಗಿನ ಮಂಚ, ಪಕ್ಕದಲ್ಲಿ ದಪ್ಪ ಹಾಸಿಗೆ. ಓಡಾಡುವವ್ರಿಗೆ ಆ ನೆಲದ ಹಾಸಿಗೆಯೇ ಎಡವೋ ವಸ್ತು ಆಗುತ್ತೆ, ಅದಕ್ಕೆ ಎಲ್ಲರಿಗೂ ಒಂದೇ ಮದ್ದು ಇಲ್ಲ.

ಮರೆವಿನ ಕಾಯಿಲೆ ಇರೋರಿಗೆ ಹೇಳಿದ್ದು ನೆನಪೇ ಇರಲ್ಲ, ಅವ್ರನ್ನ ಹೇಗೆ ತಡೆಯೋದು?

ತಡೆಯೋದು ಅಂತ ಯೋಚನೆ ಮಾಡಿದ್ರೆ ಸೋಲ್ತೀವಿ, ಯಾಕೆ ಏಳ್ತಾರೆ ಅಂತ ಯೋಚನೆ ಮಾಡ್ಬೇಕು. ನಮ್ಮಲ್ಲಿ ಒಬ್ಬ ತಾತ ಇದ್ರು, ದೊಡ್ಡ ತೋಟ ನೋಡ್ಕೊಂಡವ್ರು. ಕಾಫಿ ಕೊಯ್ಲಿನ ತಿಂಗಳು ಬಂದ್ರೆ ಬೆಳಿಗ್ಗೆ ಐದೂವರೆಗೆ ಎದ್ದು, ಕತ್ತಲಲ್ಲೇ ಬಾಗಿಲ ಕಡೆ. ಮೂರು ಸಲ ಬಿದ್ರು. ಮಲಗಿ ಮಲಗಿ ಅಂತ ನಾವು, ಆಳುಗಳು ಕಾಯ್ತಾ ಇದ್ದಾರೆ ಅಂತ ಅವ್ರು. ಕೊನೆಗೆ ಅವ್ರ ಮಗಳೇ ಹೇಳಿದ್ದು, ಅಪ್ಪ ದಿನಾ ಆ ಹೊತ್ತಿಗೆ ಲೈನ್ ಮನೆ (ತೋಟದ ಕೆಲಸದವ್ರ ಸಾಲುಮನೆ) ಆಳುಗಳ ಹಾಜರಿ ತಗೊಳ್ತಿದ್ರು ಅಂತ. ಆಮೇಲೆ ಐದೂಕಾಲಿಗೇ ನಮ್ಮವರೊಬ್ರು ಹೋಗಿ ಎಬ್ಬಿಸಿ, ಶೂ ಹಾಕ್ಸಿ, ಕೈ ಹಿಡಿದು ಮೇಜಿಗೆ ಕರ್ಕೊಂಡು ಬಂದು ಬೆಲ್ಲದ ಕಾಫಿ, ಒಂದು ರಿಜಿಸ್ಟರ್, ಪೆನ್ನು ಕೊಡ್ಲಿಕ್ಕೆ ಶುರು ಮಾಡಿದ್ರು. ಅರ್ಧ ಗಂಟೆ ಏನೋ ಬರೀತಿದ್ರು. ಆ ಸೀಸನ್ ಮುಗಿಯೋವರೆಗೆ ಬೆಳಿಗ್ಗೆ ಹೊತ್ತು ಬೀಳ್ಲಿಲ್ಲ. ಆ ರಿಜಿಸ್ಟರ್ ಇನ್ನೂ ನನ್ನ ಹತ್ರ ಇದೆ. ನಿಮ್ಮವ್ರ ಹಳೇ ದಿನಚರಿ ನಮಗೆ ಹೇಳಿ ಅಂತ ಕೇಳೋದು ಇದಕ್ಕೇ.

ಬಿದ್ದ ತಕ್ಷಣ ಎತ್ತಿ ಕೂರಿಸ್ಬೇಕಲ್ವಾ?

ಬೇಡ. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಕೈ ಹಿಡಿದು ಎಳೆದು ನಿಲ್ಲಿಸ್ಬೇಡಿ, ಮೊದಲು ಪಕ್ಕದಲ್ಲಿ ಕೂತು ಮಾತಾಡ್ಸಿ. ಪ್ರಜ್ಞೆ ಇದೆಯಾ, ತಲೆಗೆ ಪೆಟ್ಟಾಗಿದೆಯಾ, ಕುತ್ತಿಗೆ ನೋವಿದೆಯಾ, ಒಂದು ಕಾಲು ಗಿಡ್ಡ ಆಗಿ ಪಾದ ಹೊರಗಡೆಗೆ ತಿರುಗಿದೆಯಾ. ಕಾಲು ಹಾಗಿದ್ರೆ ಸೊಂಟದ ಹತ್ರ ಮುರಿದಿರೋ ಸಾಧ್ಯತೆ ಜಾಸ್ತಿ, ಅಲ್ಲಾಡಿಸ್ದೆ ಕಂಬಳಿ ಹೊದಿಸಿ 108ಕ್ಕೆ ಫೋನ್ ಮಾಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಲೆ ಹೊಡ್ಕೊಂಡ್ರೆ, ಮೇಲ್ನೋಟಕ್ಕೆ ಏನೂ ಕಾಣದಿದ್ರೂ ಆಸ್ಪತ್ರೆಗೆ ಹೋಗ್ಲೇಬೇಕು, ಒಳಗೆ ನಿಧಾನಕ್ಕೆ ರಕ್ತ ಸೋರಬಹುದು. ಶುಗರ್, ಬಿಪಿ ನೋಡಿ. ಏನೂ ಆಗಿಲ್ಲ ಅನ್ನಿಸಿದ್ರೂ ಎರಡು ದಿನ ಗಮನ ಇಡ್ಬೇಕು, ಹೊಸದಾಗಿ ಗೊಂದಲ, ವಾಂತಿ, ಜಾಸ್ತಿ ನಿದ್ದೆ ಬಂದ್ರೆ ತಡ ಮಾಡ್ಬೇಡಿ.

ಸೊಂಟದ ಮೂಳೆ ಮುರಿದ್ರೆ ಆಪರೇಶನ್ ಸಾಧ್ಯವಾದಷ್ಟು ಒಂದೆರಡು ದಿನದೊಳಗೆ ಆಗ್ಬೇಕು, ಮಲಗಿದಷ್ಟೂ ನ್ಯುಮೋನಿಯಾ, ಹುಣ್ಣು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಳೆಗಾಲದಲ್ಲಿ ರಸ್ತೆ ಯಾವಾಗ ಬಂದ್ ಆಗುತ್ತೋ ಹೇಳ್ಲಿಕ್ಕೆ ಆಗಲ್ಲ. ಹಾಗಾಗಿ ಯಾವ ಆಸ್ಪತ್ರೆ, ಸೈನ್ ಯಾರು ಹಾಕ್ತಾರೆ, ಇನ್ಶೂರೆನ್ಸ್ ಅಥವಾ ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಎಲ್ಲಿದೆ, ಇದನ್ನೆಲ್ಲ ಸೇರ್ಸೋ ದಿನವೇ ತೀರ್ಮಾನ ಮಾಡಿ ಫೈಲಲ್ಲಿ ಇಡಿ. ದುಬೈಯಿಂದ ಮಗ ಫೋನ್ ಎತ್ತೋವರೆಗೆ ಆಂಬುಲೆನ್ಸ್ ಕಾಯೋ ಹಾಗೆ ಆಗ್ಬಾರದು.

ಹೋಂ ಆರಿಸೋವಾಗ ಈ ವಿಷ್ಯದಲ್ಲಿ ಏನು ಕೇಳ್ಬೇಕು?

ಬಿದ್ದವ್ರ ರಿಜಿಸ್ಟರ್ ಇದೆಯಾ ಅಂತ ಕೇಳಿ. ನಮ್ಮಲ್ಲಿ ಯಾರೂ ಬೀಳೋದೇ ಇಲ್ಲ ಅಂದ್ರೆ ನಾನಾದ್ರೆ ನಂಬಲ್ಲ, ಬರೀತಾ ಇಲ್ಲ ಅಂತ ಅರ್ಥ. ರಾತ್ರಿ ಎಷ್ಟು ಜನ ಎಚ್ಚರ ಇರ್ತಾರೆ, ಎಷ್ಟು ಜನರಿಗೆ ಒಬ್ರು ಅಂತ ಕೇಳಿ. ಬಿದ್ದಾಗ ಆಮೇಲೆ ಏನು ಬದಲಾಯಿಸಿದ್ರಿ ಅಂತ ಒಂದು ಉದಾಹರಣೆ ಕೇಳಿ, ಬೈದ್ವಿ, ಹುಡುಗಿಗೆ ಸಂಬಳ ಕಟ್ ಮಾಡಿದ್ವಿ ಅಂದ್ರೆ ಅಲ್ಲಿ ಮುಂದೆ ಯಾರೂ ನಿಜ ಬರೆಯಲ್ಲ. ಇಂಗ್ಲೆಂಡಿನಲ್ಲಿ 84 ಹೋಂಗಳಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟು, ಒಬ್ಬೊಬ್ರಿಗೂ ಬೇರೆ ಬೇರೆ ಕಾರಣ ಹುಡುಕಿ ಸರಿ ಮಾಡಿಸಿ ನೋಡಿದ್ರು, 2021ರದ್ದು, ತರಬೇತಿ ಸಿಕ್ಕಿದ ಕಡೆ ಬೀಳೋದು ನೂರಕ್ಕೆ 43 ಕಡಿಮೆ ಆಗಿತ್ತು. ದುಬಾರಿ ಮಷಿನ್ ಏನೂ ಇರ್ಲಿಲ್ಲ. ಕ್ಯಾಮೆರಾ ಇದೆ ಅಂತ ಹೇಳಿದ್ರೆ ಸಮಾಧಾನ ಪಡ್ಬೇಡಿ, ಅದು ಬಿದ್ದಿದ್ದನ್ನ ತೋರಿಸುತ್ತೆ, ಹಿಡಿಯಲ್ಲ.

ಒಂದ್ಸಲ ಬಿದ್ಮೇಲೆ ಅಮ್ಮ ಎದ್ದೇಳ್ಲಿಕ್ಕೇ ಹೆದರ್ತಾರೆ, ಹಾಗೇ ಬಿಡ್ಲಾ?

ಬಿಡ್ಬೇಡಿ, ಒತ್ತಾಯವೂ ಬೇಡ. ಆ ಭಯ ನಿಜವಾದದ್ದು, ಅದನ್ನ ಸುಮ್ನಿರಿ ಅಂತ ತಳ್ಳಿಹಾಕಿದ್ರೆ ಇನ್ನೂ ಬಿಗಿ ಆಗ್ತಾರೆ. ಮೊದಲ ದಿನ ಮಂಚದ ಅಂಚಲ್ಲಿ ಕೂರೋದು ಮಾತ್ರ. ಎರಡನೇ ದಿನ ಎರಡು ಕಡೆ ಇಬ್ರು ನಿಂತು ಎಬ್ಬಿಸಿ ಹತ್ತು ಎಣಿಸೋದು. ಆಮೇಲೆ ಕುರ್ಚಿವರೆಗೆ, ಆಮೇಲೆ ಕಿಟಕಿವರೆಗೆ. ಅವ್ರಿಗೆ ಹೋಗ್ಬೇಕು ಅನ್ನಿಸೋ ಜಾಗ ಇರ್ಬೇಕು, ಬರೀ ನಡೀರಿ ಅಂದ್ರೆ ಯಾರು ನಡೀತಾರೆ? ನಮ್ಮ ಒಬ್ಬ ಅಜ್ಜಿಗೆ ವರಾಂಡದ ಕೊನೇಲಿರೋ ಗುಲಾಬಿ ಕುಂಡಕ್ಕೆ ನೀರು ಹಾಕೋ ಕೆಲಸ ಕೊಟ್ವಿ, ಚೊಂಬು ನಮ್ಮವರು ಹಿಡ್ಕೊಳ್ತಾರೆ, ಅಜ್ಜಿ ವಾಕರ್ ಹಿಡ್ಕೊಂಡು ಹೋಗಿ ಅಲ್ಲಿನ ಕುರ್ಚೀಲಿ ಕೂತು ಚೊಂಬು ಇಸ್ಕೊಂಡು ಹಾಕ್ತಾರೆ. ಶುರು ಮಾಡಿದಾಗ ಹೋಗಿ ಬರ್ಲಿಕ್ಕೆ ಇಪ್ಪತ್ತು ನಿಮಿಷ ಬೇಕಿತ್ತು, ಈಗ ಏಳು.